ಕಟ್ಟೆಯ ಮಾತು: ನೀ ಕಂಡೀ ಏನು?

ನಮ್ಮ ಮನೆಯಲ್ಲಿ ಮುಂಜಾನೆ ಮೊದಲು ಕೇಳಿಬರುತ್ತಿದ್ದುದು ರೊಟ್ಟಿ ಬಡಿಯುವ ಸಪ್ಪಳವು. ಈಗ ಅದಕ್ಕೂ ಮೊದಲೇ ಮೊಬೈಲು ಕೂಗುವುದು. ಒಲೆ ಹೊತ್ತುವಷ್ಟರಲ್ಲಿ ಜಗತ್ತಿನ ಸುದ್ದಿಯೆಲ್ಲವೂ ಒಳಗೆ ಬಂದು ಕುಳಿತಿರುವುದು. ತೊಗರಿಯ ಧಾರಣೆ, ಮಳೆಯ ಮುನ್ಸೂಚನೆ, ಒಬ್ಬರ ಮದುವೆ, ಇನ್ನೊಬ್ಬರ ಮರಣ, ಚುನಾವಣೆಯ ಜಗಳ, ಇವೆಲ್ಲವೂ ಕಾಳು ಜೊಳ್ಳು ಕೂಡಿಯೇ ಬರುವುವು. ಮನೆಯ ಹೆಣ್ಣುಮಕ್ಕಳು ಬೇಳೆಯನ್ನು ಮೊರದಲ್ಲಿ ಕೇರಿ, ಹರಳು ಆರಿಸದೆ ಒಲೆಯ ಮೇಲೆ ಇಡುವುದಿಲ್ಲ. ಸುದ್ದಿಯನ್ನಾದರೋ ನಾವು ಕೇರದೆಯೇ ನೆರೆಮನೆಗೆ ಬಡಿಸಿಬಿಡುತ್ತೇವೆ. ವಾಚಕರಿಗೆ ಬುದ್ಧಿ ಹೇಳುವ ಅಧಿಕಾರವು ನನಗಿಲ್ಲ. ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಗುರುಮಠಕಲ್ಲು ಗಡಿಯ ಊರು. ಅನತಿದೂರದಲ್ಲಿಯೇ ತೆಲಂಗಾಣದ ನಾರಾಯಣಪೇಟೆಯಿದೆ. 1948ರವರೆಗೆ ಎರಡೂ ಊರುಗಳು ನಿಜಾಮರ ಆಳಿಕೆಯಲ್ಲಿದ್ದುವು. 1956ರ ನವೆಂಬರ 1ರಂದು ರಾಜ್ಯಗಳು ಬೇರೆಯಾದುವು. ಆದರೆ ಬೀಗತನವಾಗಲಿ ವ್ಯಾಪಾರವಾಗಲಿ ಗಡಿಯನ್ನು ಕೇಳಿ ನಡೆಯುವುದಿಲ್ಲ. ಸಂತೆಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಭಾಷೆಗಳು ಒಂದೇ ತಕ್ಕಡಿಯಲ್ಲಿ ತೂಗುವುವು. ಇದು ನಮ್ಮ ಊರಿನ ಸೊಗಸು. ಅಂತೆಯೇ ಇಲ್ಲಿ ಗಾಳಿಸುದ್ದಿಗೂ ಮೂರು ಬಾಗಿಲುಗಳುಂಟು.

2018ರ ಬೇಸಗೆಯಲ್ಲಿ ಅಂಥದೊಂದು ಸುದ್ದಿಯು ಈ ಮೂರು ಬಾಗಿಲುಗಳಿಂದಲೂ ಒಳಗೆ ಬಂದಿತು. ಮಕ್ಕಳನ್ನು ಕದಿಯುವ ತಂಡಗಳು ಊರೂರಿಗೆ ಇಳಿದಿವೆಯೆಂದೂ, ಅಪರಿಚಿತರನ್ನು ಕಂಡರೆ ಬಿಡಬಾರದೆಂದೂ ಅದರ ಸಾರವು. ಜೊತೆಗೊಂದು ಚಿತ್ರವೂ ಇದ್ದಿತು. ಬೈಕಿನ ಮೇಲೆ ಬಂದ ಇಬ್ಬರು, ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಓಡುತ್ತಾರೆ. ನಾನು ಕನ್ನಡಕವನ್ನು ಏರಿಸಿಕೊಂಡು, ರಾತ್ರಿಯ ಊಟವಾದ ಮೇಲೆ ಕಟ್ಟೆಯ ಮೇಲೆ ಕುಳಿತು, ಓಣಿಯವರೆಲ್ಲರೂ ಕೇಳುವಂತೆ ಅದನ್ನು ಓದಿ ಹೇಳಿದೆನು. ನಾಲ್ಕು ಅಕ್ಷರ ಕಲಿತವನು ಓದಿದ್ದೆಂದ ಮೇಲೆ ಅದು ನಿಜವೇ ಆಗಿಬಿಟ್ಟಿತು. ನಮ್ಮ ಅವ್ವ ಒಬ್ಬಳು ಮಾತ್ರ ಎಲೆಯಡಿಕೆ ಮೆಲ್ಲುತ್ತ, “ನೀ ಕಂಡೀ ಏನು?” ಎಂದು ಕೇಳಿದಳು. ನಾನು ನಕ್ಕೆನು.

ಎರಡು ದಿನಗಳು ಕಳೆದುವು. ಹೆಗಲ ಮೇಲೆ ಚಾದರಗಳ ಗಂಟು ಹೊತ್ತ ಒಬ್ಬ ವ್ಯಾಪಾರಿಯು ನಮ್ಮ ಓಣಿಗೆ ಬಂದನು. ಅವನ ಮಾತು ಹಿಂದಿ. ಬಣ್ಣದ ಗಂಟನ್ನು ನೋಡಲು ಮಕ್ಕಳು ಸುತ್ತಿಕೊಂಡವು. ನೆರೆಮನೆಯ ತಾಯಿಯೊಬ್ಬಳು ಓಡಿಬಂದು ತನ್ನ ಮಗುವನ್ನು ಸೆಳೆದುಕೊಂಡಳು. ಆ ಮೇಲೆ ಏಳೆಂಟು ಜನ ತರುಣರು ಅವನನ್ನು ಸುತ್ತುವರಿದರು. ಒಬ್ಬನು ಗಂಟನ್ನು ಕಿತ್ತು ಎಸೆದನು. ಅವರ ಬಾಯಿಯಲ್ಲಿದ್ದುದು ನಾನು ಕಟ್ಟೆಯ ಮೇಲೆ ಓದಿದ ಮಾತುಗಳೇ. ನಾನು ಬಾಗಿಲಲ್ಲಿ ನಿಂತಿದ್ದೆನು. ಕಾಲು ಮುಂದಕ್ಕೆ ಬರಲಿಲ್ಲ.

ಅವ್ವ ಕೋಲೂರಿಕೊಂಡು ನನ್ನನ್ನು ದಾಟಿ ನಡೆದಳು. “ಸರೀರೋ ಆ ಕಡೆ. ಹೋದ ವರ್ಷ ಇವನ ಕಡೆಯೇ ನಾ ಚಾದರ ತೊಗೊಂಡೀನಿ. ಇನ್ನಾ ಹೊದ್ದುಕೊಳ್ಳಾಕತ್ತೀನಿ,” ಎಂದಳು. ಅನಂತರ ಅವನ ಕೈ ಹಿಡಿದು ಕಟ್ಟೆಯ ಮೇಲೆ ಕೂಡ್ರಿಸಿ, ನೀರು ತರಲು ನನಗೆ ಹೇಳಿದಳು. ತಂಬಿಗೆ ಹಿಡಿದ ಅವನ ಕೈಗಳು ನಡುಗುತ್ತಿದ್ದುವು. ಕೊಟ್ಟ ನನ್ನ ಕೈಗಳೂ ಹಾಗೆಯೇ ಇದ್ದುವು. ಹುಡುಗರು ತಲೆ ತಗ್ಗಿಸಿ ಚದರಿದರು.

ಇದು ನಡೆದು ಹೆಚ್ಚು ದಿನಗಳಾಗಿರಲಿಲ್ಲ. ಜುಲೈ 13ರಂದು ಬೀದರ ಜಿಲ್ಲೆಯಲ್ಲಿ, ತಿರುಗಾಡಲು ಬಂದಿದ್ದ ಗೆಳೆಯರು ಶಾಲೆಯ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಅದೇ ಸಂಶಯಕ್ಕೆ ಕಾರಣವಾಯಿತು. ಅವರು ಕಾರಿನಲ್ಲಿ ಹೊರಟರೆ, ಸುದ್ದಿಯು ಅವರಿಗಿಂತ ಮುಂಚಿತವಾಗಿ ಮುರ್ಕಿ ಗ್ರಾಮವನ್ನು ಮುಟ್ಟಿತ್ತು. ಅಲ್ಲಿ ದಾರಿಗೆ ಅಡ್ಡಗಟ್ಟಿದ ಗುಂಪಿನ ಕೈಯಲ್ಲಿ ಹೈದರಾಬಾದಿನ ಒಬ್ಬ ತರುಣ ಇಂಜಿನಿಯರನು ಪ್ರಾಣ ಕಳೆದುಕೊಂಡನು. ಬಿಡಿಸಲು ಹೋದ ಪೊಲೀಸರೂ ಗಾಯಗೊಂಡರು. ಆ ಊರಿನಲ್ಲಿ ಕೋಲೂರಿಕೊಂಡು ಬಂದು, ಇವನನ್ನು ನಾನು ಬಲ್ಲೆನೆಂದು ಹೇಳುವವರು ಯಾರೂ ಇರಲಿಲ್ಲ. ಪತ್ರಿಕೆಯಲ್ಲಿ ಆ ವರದಿಯನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಆ ಚಿತ್ರದ ಸಂಗತಿಯು ಆಮೇಲೆ ತಿಳಿಯಿತು. ಅದು ಭಾರತದ್ದೇ ಆಗಿರಲಿಲ್ಲ. ಮಕ್ಕಳ ಮೇಲೆ ಕಣ್ಣಿಡಿರೆಂದು ತಾಯಿತಂದೆಗಳನ್ನು ಎಚ್ಚರಿಸಲು ಪಾಕಿಸ್ತಾನದ ಕರಾಚಿಯಲ್ಲಿ ಒಂದು ಸಂಸ್ಥೆಯವರು ಮಾಡಿದ ಕಿರುಚಿತ್ರವದು. ಅದರ ಕಡೆಯಲ್ಲಿ ಬೈಕಿನವರು ಮಗುವನ್ನು ಮರಳಿ ತಂದು ಬಿಡುತ್ತಾರೆ. ಯಾರೋ ಆ ಕಡೆಯ ತುಣುಕನ್ನು ಕತ್ತರಿಸಿ ಉಳಿದುದನ್ನು ಹರಡಿದ್ದರು. ಮಗುವು ಮನೆಗೆ ಮರಳುವ ಭಾಗವು ನಮ್ಮವರೆಗೆ ಬರಲೇ ಇಲ್ಲ.

ಮುರ್ಕಿಯ ಘಟನೆಯಾದ ನಾಲ್ಕನೆಯ ದಿನ, ಜುಲೈ 17ರಂದು, ಸುಪ್ರೀಂ ಕೋರ್ಟು ಗುಂಪುಹಲ್ಲೆಗಳನ್ನು ತಡೆಯುವ ಬಗ್ಗೆ ಸರಕಾರಗಳಿಗೆ ಕಟ್ಟಪ್ಪಣೆ ಮಾಡಿತು. ಪ್ರತಿ ಜಿಲ್ಲೆಗೂ ಒಬ್ಬ ಹಿರಿಯ ಪೊಲೀಸ್ ಅಧಿಕಾರಿಯನ್ನು ಹೊಣೆಗಾರನನ್ನಾಗಿ ಮಾಡಬೇಕೆಂದಿತು. ಅದೇ ತಿಂಗಳು ವಾಟ್ಸಾಪಿನವರು, ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ಸಾಗಿಸದಂತೆ ನಮ್ಮ ದೇಶದಲ್ಲಿ ಮಿತಿ ಹಾಕಲು ಹೊರಟರು. ಇವು ಬೇಕಾದುವೇ ಸರಿ. ಆದರೆ ನಾನು ಓದಿ ಹೇಳಿದುದು ಒಂದೇ ಕಟ್ಟೆಯ ಮೇಲೆ. ಅಷ್ಟೇ ಸಾಕಾಗಿತ್ತು.

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಕಾಣದುದನ್ನು ಇನ್ನೆಷ್ಟು ಪರಾಂಬರಿಸಬೇಕು! ಅವ್ವನಿಗೆ ಓದು ಬರಹ ಬಾರದು. ಆದರೂ ಯಾವ ಸುದ್ದಿ ಬಂದರೂ ಅವಳು ಮೂರು ಮಾತು ಕೇಳುತ್ತಿದ್ದಳು: ಯಾರು ಕಂಡರು, ಯಾವ ಊರಲ್ಲಿ, ಯಾವ ದಿನ. ಉತ್ತರ ದೊರೆಯದಿದ್ದರೆ ಆ ಮಾತು ನಮ್ಮ ಹೊಸ್ತಿಲನ್ನು ದಾಟುತ್ತಿರಲಿಲ್ಲ. ಅವಳು ಹೋಗಿ ಈಗ ಮೂರು ವರ್ಷಗಳಾದುವು. ಆ ಚಾದರವನ್ನು ಮೊಮ್ಮಗನು ಹೊದೆಯುತ್ತಾನೆ.

ಮೊನ್ನೆ ಉಪ್ಪಿನ ಅಭಾವವಾಗುವುದೆಂದು ಯಾರೋ ಬರೆದುದನ್ನು ನಾನು ಊಟದ ಹೊತ್ತಿನಲ್ಲಿ ಓದತೊಡಗಿದೆನು. ಸೊಸೆಯು ರೊಟ್ಟಿ ಬಡಿಸುತ್ತ, “ಮಾವಾ, ಅಂಗಡಿಗೆ ಹೋಗಿ ನೋಡಿ ಬಂದೀರೇನ್ರಿ?” ಎಂದಳು. ಅಂಗಡಿಗೆ ಹೋದೆನು. ಉಪ್ಪು ಬೇಕಾದಷ್ಟಿತ್ತು.