ಕತ್ತರಿ ಕೋಣೆ: ಮೊದಲು ಹಗೇವು, ಆಮೇಲೆ ಹಂದರ!



ಮೊನ್ನೆ ನವಲಗುಂದ ಬಸ್ ಸ್ಟ್ಯಾಂಡಿನಲ್ಲಿ ಹುಬ್ಬಳ್ಳಿ ಬಸ್ಸಿಗೆ ಕಾಯುತ್ತಾ ಚಹಾ ಕುಡಿಯುತ್ತಿದ್ದೆ. ಇಪ್ಪತ್ತು-ಇಪ್ಪತ್ತೊಂದರ ಹುಡುಗನೊಬ್ಬ ಹತ್ತಿರ ಬಂದು ನಿಂತ. ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಚೀಟಿ.

"ಅಣ್ಣಾರ, ಕತ್ತರಿ ಕೋಣೆ ಬರಿಯವ್ರು ನೀವ ಅಲ್ರಿ? ಈ ಕೊಟೇಶನ್ ಒಂದೀಟು ನೋಡ್ರಿ. ಹೆಸರು ಮಾರಿದ ರೊಕ್ಕದಾಗ ಎಂಬತ್ತು ಸಾವಿರ ಕೊಡ್ತೀನಿ ಅಂದಾನ ನಮ್ಮಪ್ಪ. ಎಡಿಟಿಂಗ್ ಕಂಪ್ಯೂಟರ್ ತಗೋಬೇಕು."

ಚೀಟಿ ಬಿಚ್ಚಿ ಓದಿದೆ. ಕೈಯಲ್ಲಿದ್ದ ಚಹಾ ಆರಿಹೋಯಿತು! ಎಂಬತ್ತು ಸಾವಿರದಲ್ಲಿ ಅರ್ಧದಷ್ಟು ಗ್ರಾಫಿಕ್ಸ್ ಕಾರ್ಡಿಗೇ ಹೋಗಿತ್ತು. ಅದರ ಮೇಲೆ ಗಾಜಿನ ಕ್ಯಾಬಿನೆಟ್ಟು, ಒಳಗೆ ಬಣ್ಣಬಣ್ಣದ ಲೈಟು ಹತ್ತುವ ನಾಲ್ಕು ಫ್ಯಾನು. ರ‍್ಯಾಮ್ ಬರೀ 8 ಜಿಬಿ. ಡಿಸ್ಕು ಒಂದೇ ಒಂದು, ಅದೂ 512 ಜಿಬಿ. ಯುಪಿಎಸ್ ಹೆಸರೇ ಇಲ್ಲ.

"ತಮ್ಮಾ, ಇದು ಗೇಮ್ ಆಡೋ ಡಬ್ಬಿ. ನೀ ಮಾಡೋ ಕೆಲಸ ಏನು?"

"ಸದ್ಯಕ್ಕ ಮದುವಿ ವಿಡಿಯೋ ರಿ. ಮುಂದ ಉಜ್ವಲ್ ಕುಲಕರ್ಣಿ ಅವರಂಗ ಆಗಬೇಕಂತ ಐತಿ!"

ಭಲೇ! ಕನಸು ಅಂದರೆ ಹೀಗಿರಬೇಕು. ಉಜ್ವಲ್ ನಮ್ಮ ಕಲಬುರಗಿಯವರು. ಅಭಿಮಾನಿ ವಿಡಿಯೋ, ಕಿರುಚಿತ್ರ ಕತ್ತರಿಸುತ್ತಿದ್ದ ಹುಡುಗ ಪ್ರಶಾಂತ್ ನೀಲ್ ಕಣ್ಣಿಗೆ ಬಿದ್ದರು. 2022ರಲ್ಲಿ 'ಕೆಜಿಎಫ್ ಚಾಪ್ಟರ್ 2' ತೆರೆಗೆ ಬಂದಾಗ ಸಂಕಲನ ಎಂಬಲ್ಲಿ ಅವರ ಹೆಸರಿತ್ತು. ವಯಸ್ಸು ಆಗಿನ್ನೂ ಇಪ್ಪತ್ತರ ಆಸುಪಾಸು! 2023ರ 'ಸಲಾರ್' ಕೂಡ ಅವರದೇ ಕತ್ತರಿ. ಮನೆಯ ಮೂಲೆಯ ಕಂಪ್ಯೂಟರಿನಿಂದ ದೊಡ್ಡ ತೆರೆಗೆ ದಾರಿ ಇದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕೆ?

ಆದರೆ ಆ ಮೂಲೆಯಲ್ಲಿ ಇಡುವ ಕಂಪ್ಯೂಟರ್ ಎಂಥದು? ಅದು ತಿಳಿಯಬೇಕಾದರೆ ರೀಲಿನ ಕಾಲದ ಕತ್ತರಿ ಕೋಣೆಗೆ ಒಮ್ಮೆ ಇಣುಕಬೇಕು.

ಆಗ 35 ಎಂಎಂ ಫಿಲಂ. ಸಾವಿರ ಅಡಿಯ ಒಂದು ರೀಲು ಓಡಿದರೆ ಹನ್ನೊಂದು ನಿಮಿಷ. ಕ್ಯಾಮೆರಾದಿಂದ ಬಂದ ನೆಗೆಟಿವ್ ಲ್ಯಾಬಿನಲ್ಲಿ ತೊಳೆದು ಜೋಪಾನವಾಗಿ ಅಲ್ಲೇ ಉಳಿಯುತ್ತಿತ್ತು. ಸಂಕಲನಕಾರನ ಕೈಗೆ ಬರುತ್ತಿದ್ದುದು ಅದರ ನಕಲು, ರಷ್ ಪ್ರಿಂಟ್. ಅದನ್ನು ಕತ್ತರಿಸು, ಅಂಟಿಸು, ಗೀರು ಬೀಳಲಿ, ಹರಿಯಲಿ, ಚಿಂತೆಯಿಲ್ಲ. ಎಲ್ಲ ತೀರ್ಮಾನ ಆದ ಮೇಲೆ ಅಂಚಿನ ನಂಬರು ನೋಡಿಕೊಂಡು ಅಸಲಿ ನೆಗೆಟಿವ್ ಕತ್ತರಿಸುತ್ತಿದ್ದರು. ನೆಗೆಟಿವ್ ಹೋದರೆ ಸಿನಿಮಾನೇ ಹೋಯಿತು! ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ' 1934ರಲ್ಲಿ ಬಂತು. ಇವತ್ತು ನೋಡೋಣ ಅಂದರೆ ಅದರ ಒಂದು ಪ್ರಿಂಟೂ ಉಳಿದಿಲ್ಲ.

ನಿಮ್ಮ ಕ್ಯಾಮೆರಾದ ಕಾರ್ಡಿನಲ್ಲಿರುವ ಫೈಲೇ ಇಂದಿನ ನೆಗೆಟಿವ್. ಅದನ್ನು ಕಾಯುವ ಸಾಮಾನಿಗೆ ಮೊದಲ ರೊಕ್ಕ. ಕತ್ತರಿಸುವ ಸಾಮಾನಿಗೆ ಎರಡನೆಯದು. ಕಣ್ಣು ಕುಕ್ಕುವ ಸಾಮಾನಿಗೆ ಕೊನೆಯದು. ನಮ್ಮ ಹಿರಿಯರು ಜೋಳ ಬೆಳೆದರೆ ಮೊದಲು ಹಗೇವು ನೋಡುತ್ತಿದ್ದರು, ಆಮೇಲೆ ಹಂದರದ ಮಾತು. ಇದೂ ಹಾಗೇ.

ಈ ಬುದ್ಧಿ ನನಗೆ ಪುಸ್ತಕದಿಂದ ಬಂದದ್ದಲ್ಲ. ಪಿಯುಸಿ ಅರ್ಧಕ್ಕೆ ಬಿಟ್ಟವನು ನಾನು! ಕೆಲವು ವರ್ಷದ ಹಿಂದೆ ಅಣ್ಣಿಗೇರಿಯಲ್ಲಿ ಒಂದು ಮದುವೆ ಶೂಟ್ ಮಾಡಿದ್ದೆ. ಮದುಮಗನ ಅಜ್ಜಿ ಬೀಗರ ಹಾಡು ಹೇಳಿದರು. ಕೂತ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಎಡಿಟ್ ಮಾಡುವಾಗ ನನಗೆ ಅದು ಉದ್ದ ಅನ್ನಿಸಿತು, ಸಿನಿಮಾ ಹಾಡಿನ ತಾಳಕ್ಕೆ ಕೂಡಲಿಲ್ಲ. ಕತ್ತರಿಸಿ ಬಿಸಾಕಿದೆ. ವಿಡಿಯೋ ಕೊಟ್ಟೆ, ರೊಕ್ಕ ಎಣಿಸಿಕೊಂಡೆ, ಕಾರ್ಡು ಅಳಿಸಿದೆ. ಅಸಲಿ ಫೈಲು ಉಳಿದದ್ದು ಒಂದೇ ಒಂದು ಡಿಸ್ಕಿನಲ್ಲಿ.

ನಾಲ್ಕು ತಿಂಗಳಿಗೆ ಅಜ್ಜಿ ತೀರಿಕೊಂಡರು. ಮಗ ಬಂದು ಬಾಗಿಲಲ್ಲಿ ನಿಂತರು. "ಅವ್ವ ಹಾಡಿದ್ದು ಅಷ್ಟ ಕೊಟ್ಟುಬಿಡ್ರಿ, ಸಾಕು" ಅಂದರು. ಡಿಸ್ಕು ಹಚ್ಚಿದೆ. ಟಿಕ್ ಟಿಕ್ ಅಂತ ಸದ್ದು ಮಾಡಿ ಸುಮ್ಮನಾಯಿತು. ಹಿಂದಿನ ತಿಂಗಳು ಕಾಪಿ ಮಾಡುತ್ತಿದ್ದಾಗ ಕರೆಂಟು ಹೋಗಿ ಬಂದಿತ್ತು. ಅವತ್ತೇ ಪೆಟ್ಟು ಬಿದ್ದಿರಬೇಕು, ನಾನು ನೋಡಿರಲಿಲ್ಲ. ರಿಪೇರಿಯವರೂ ಕೈಚೆಲ್ಲಿದರು. ಮದುವೆಯ ರೊಕ್ಕ ವಾಪಸ್ ಕೊಡಲು ಹೋದೆ. ಅವರು ಮುಟ್ಟಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು...

ಇರಲಿ. ಚೀಟಿಯ ಹಿಂಬದಿಯಲ್ಲಿ ಆ ಹುಡುಗನಿಗೆ ಬರೆದುಕೊಟ್ಟ ಸಾಲನ್ನೇ ನಿಮಗೂ ಕೊಡುತ್ತೇನೆ. ದರ ವಾರವಾರಕ್ಕೆ ಏರಿಳಿಯುತ್ತದೆ, ಅದನ್ನು ಅಂಗಡಿಯಲ್ಲಿ ಕೇಳಿ. ಸಾಲು ಮಾತ್ರ ಬದಲಿಸಬೇಡಿ.

ಒಂದು, ಡಿಸ್ಕು. ಲೆಕ್ಕ ಹಾಕಿ. ಸೆಕೆಂಡಿಗೆ 100 ಮೆಗಾಬಿಟ್ ಬರೆಯುವ 4ಕೆ ವಿಡಿಯೋ ಗಂಟೆಗೆ 45 ಜಿಬಿ ತಿನ್ನುತ್ತದೆ. ಎರಡು ಕ್ಯಾಮೆರಾ ಸೇರಿ ಆರು ಗಂಟೆ ತೆಗೆದರೆ 270 ಜಿಬಿ! 512ರ ಡಿಸ್ಕಿನಲ್ಲಿ ಎರಡು ಮದುವೆಯೂ ಹಿಡಿಯುವುದಿಲ್ಲ. ಆದ್ದರಿಂದ ಕೆಲಸಕ್ಕೆ 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ. ಹಾರ್ಡ್ ಡಿಸ್ಕು ಸೆಕೆಂಡಿಗೆ 150-200 ಎಂಬಿ ಓದಿದರೆ ಇದು ಸಾವಿರಗಟ್ಟಲೆ ಎಂಬಿ ಓದುತ್ತದೆ. ಕೂಡಿಡಲು ಒಳಗೆ 2 ಟಿಬಿ ಹಾರ್ಡ್ ಡಿಸ್ಕು. ಅಷ್ಟೇ ದೊಡ್ಡದು ಇನ್ನೊಂದು ಹೊರಗೆ. ಹೊರಗಿನದು ಕಾಪಿ ಆದ ಮೇಲೆ ಕಿತ್ತು ಬೇರೆ ಕಡೆ ಇಡಬೇಕು, ಸದಾ ಹಚ್ಚಿ ಬಿಡಬಾರದು. ಎರಡು ಕಾಪಿ ಆಗುವವರೆಗೆ ಕಾರ್ಡು ಅಳಿಸಬಾರದು. ಹಾರ್ಡ್ ಡಿಸ್ಕು ಅಂದರೆ ಕಲಘಟಗಿ ತೊಟ್ಟಿಲಲ್ಲ, ಮೂರು ತಲೆಮಾರು ಬಾಳೋದಕ್ಕೆ! ಇನ್ನೊಂದು ಮಾತು: ಮದುವೆ ಮನೆಯವರಿಗೇ ಒಂದು ಡಿಸ್ಕು ತರಲು ಹೇಳಿ, ಅಸಲಿ ಫೈಲೆಲ್ಲ ತುಂಬಿಕೊಡಿ. ಅದು ಮೂರನೇ ಕಾಪಿ. ನೀವು ಕತ್ತರಿಸಿ ಬಿಟ್ಟದ್ದೇ ನಾಳೆ ಅವರಿಗೆ ಬಂಗಾರವಾಗಬಹುದು.

ಎರಡು, ಕರೆಂಟಿನ ಕಾವಲು. ಯುಪಿಎಸ್ ಇಲ್ಲದೆ ಹಳ್ಳಿಯಲ್ಲಿ ಎಡಿಟಿಂಗ್ ಬೇಡವೇ ಬೇಡ. 600 ವಿಎ ಅಂದದ್ದು ಸಾಮಾನ್ಯವಾಗಿ 360 ವ್ಯಾಟ್ ಅಷ್ಟೇ ಹೊರುತ್ತದೆ. ಮುಂದೆ ಗ್ರಾಫಿಕ್ಸ್ ಕಾರ್ಡು ಹಾಕುವ ಆಸೆ ಇದ್ದರೆ 1000 ವಿಎ ತಗೊಳ್ಳಿ. ಅದು ಕೊಡುವ ಐದು-ಹತ್ತು ನಿಮಿಷ ಸೇವ್ ಮಾಡಿ ಬಂದ್ ಮಾಡುವುದಕ್ಕೆ, ಕೆಲಸ ಮುಂದುವರಿಸುವುದಕ್ಕಲ್ಲ. ಒಳಗಿನ ಪವರ್ ಸಪ್ಲೈ ಹೆಸರಿಲ್ಲದ ಕಂಪನಿಯದು ಬೇಡ, 80 ಪ್ಲಸ್ ಬ್ರಾಂಜ್ ಮುದ್ರೆ ನೋಡಿ. ಮನೆಗೆ ಅರ್ಥಿಂಗ್ ಇದೆಯೇ, ಅದನ್ನೂ ನೋಡಿಸಿ. ಎರೆ ಮಣ್ಣಿನ ಧೂಳಿಗೆ ಜಾಳಿಗೆ ಇರುವ ಕ್ಯಾಬಿನೆಟ್ಟೇ ಸರಿ, ಗಾಜು ಬೇಡ.

ಮೂರು, ರ‍್ಯಾಮ್. 8 ಜಿಬಿ ಸಾಲದು. 16 ಇರಲಿ, 8ರ ಎರಡು ಕಡ್ಡಿ ಜೋಡಿಯಾಗಿ ಹಾಕಿಸಿ. ಜೋಡೆತ್ತಿನ ಎಳೆತವೇ ಬೇರೆ! ಎಐ ಸರ್ವರುಗಳ ಬೇಡಿಕೆಯಿಂದ 2025ರ ಕೊನೆಯಲ್ಲಿ ರ‍್ಯಾಮ್ ದರ ಜಿಗಿಯಿತು. ಹಾಗಾಗಿ ನಾಲ್ಕು ಸ್ಲಾಟಿನ ಬೋರ್ಡು ಆರಿಸಿ, ರೊಕ್ಕ ಕೂಡಿದಾಗ 32 ಮಾಡಿಕೊಳ್ಳಿ.

ನಾಲ್ಕು, ಪ್ರೊಸೆಸರ್. ಇಲ್ಲೊಂದು ಗುಟ್ಟಿದೆ. ಇಂಟೆಲ್ ಐ5-12400 ಮತ್ತು 12400ಎಫ್ ಎರಡಕ್ಕೂ ಆರು ಕೋರ್. ಆದರೆ 'ಎಫ್' ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಎಫ್ ಇಲ್ಲದ್ದರಲ್ಲಿ ಕ್ವಿಕ್ ಸಿಂಕ್ ಎಂಬ ಭಾಗವಿದೆ, ಎಚ್.264, ಎಚ್.265 ವಿಡಿಯೋ ಬಿಚ್ಚುವ ಕೆಲಸವನ್ನು ಅದೇ ಮಾಡುತ್ತದೆ. ಸ್ವಲ್ಪ ರೊಕ್ಕ ಉಳಿಸಲು ಹೋಗಿ ಎಫ್ ತಂದರೆ ಬಲಗೈ ಕಳೆದುಕೊಂಡ ಹಾಗೆ.

ಐದು, ಮಾನಿಟರ್. ಐಪಿಎಸ್ ಪರದೆ ಇರಲಿ. ಇಲ್ಲದಿದ್ದರೆ ಮದುಮಗಳ ಅರಿಶಿನದ ಬಣ್ಣ ನಿಮ್ಮ ಮನೆಯಲ್ಲಿ ಒಂದು, ಅವರ ಮನೆಯಲ್ಲಿ ಒಂದು!

ಕೊನೆಗೆ ಗ್ರಾಫಿಕ್ಸ್ ಕಾರ್ಡು. ಅದು ದಂಡ ಅಂತ ನಾನು ಹೇಳುತ್ತಿಲ್ಲ. ಡಾವಿಂಚಿ ರಿಸಾಲ್ವ್ ಉಚಿತವಾಗಿ ಸಿಗುತ್ತದೆ, ಆದರೆ ಕಾರ್ಡಿನ ಮೇಲೆ ಬಹಳ ಭಾರ ಹಾಕುತ್ತದೆ. ಬಣ್ಣದ ಕೆಲಸ, ಎಫೆಕ್ಟ್ ಹೆಚ್ಚಾದಾಗ ಕಾರ್ಡು ಬೇಕೇ ಬೇಕು. ಸ್ಲಾಟು ಖಾಲಿ ಇರುತ್ತದೆ, ನಾಲ್ಕು ಮದುವೆ ಮಾಡಿ ಆಮೇಲೆ ತನ್ನಿ. ಅಲ್ಲಿಯವರೆಗೆ 'ಪ್ರಾಕ್ಸಿ' ಇದೆ: 4ಕೆ ಫೈಲಿನ ಸಣ್ಣ ನಕಲು. ರಾತ್ರಿ ಮಾಡಲು ಬಿಟ್ಟು ಮಲಗಿ, ಬೆಳಿಗ್ಗೆ ನಕಲಿನ ಮೇಲೆ ಸರಾಗವಾಗಿ ಕತ್ತರಿಸಿ. ಕೊನೆಗೆ ವಿಡಿಯೋ ಹೊರತೆಗೆಯುವಾಗ ಅಸಲಿ ಫೈಲೇ ಬಳಕೆಯಾಗುತ್ತದೆ. ನಮ್ಮ ಹಳೆಯ ರಷ್ ಪ್ರಿಂಟ್ ಹೊಸ ಹೆಸರಲ್ಲಿ ಬಂದಿದೆ ನೋಡಿ!

ಸೆಕೆಂಡ್ ಹ್ಯಾಂಡ್ ತಗೊಳ್ಳುವವರಿಗೆ ಒಂದು ಎಚ್ಚರಿಕೆ. ವಿಂಡೋಸ್ 10ಕ್ಕೆ ಕಂಪನಿಯ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕಾದರೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರು ಅಥವಾ ಈಚೆಯದಾಗಬೇಕು. ಅಗ್ಗ ಅಂತ ಆರು-ಏಳನೆಯದಕ್ಕೆ ಮರುಳಾಗಬೇಡಿ.

ಹುಡುಗ ಚೀಟಿಯನ್ನು ಎರಡು ಸಲ ಓದಿದ. ಮುಖ ಸ್ವಲ್ಪ ಸಪ್ಪಗಾಗಿತ್ತು.

"ಅಂದ್ರ ಬಣ್ಣದ ಲೈಟು ಬ್ಯಾಡೇನ್ರಿ ಅಣ್ಣಾರ?"

"ಲೈಟು ಮದುವಿ ಹಂದರದಾಗ ಇರ್ತಾವಲ್ಲೋ ತಮ್ಮಾ! ನಿನ್ನ ಕೆಲಸ ಅವನ್ನ ಕಾಯೋದು."

ಬಸ್ಸು ಬಂತು. ಹತ್ತಿ ಕೂತ ಮೇಲೆ ಕಿಟಕಿಯಿಂದ ನೋಡಿದೆ. ಪೆನ್ನು ತೆಗೆದು ಗ್ರಾಫಿಕ್ಸ್ ಕಾರ್ಡಿನ ಸಾಲಿಗೆ ಅವನೇ ಗೀಟು ಎಳೆಯುತ್ತಿದ್ದ.

ಮುಂದಿನ ವಾರ: ಮದುವೆ ಮನೆಯ ಗದ್ದಲದಲ್ಲಿ ಮಾತು ಕೇಳಿಸುವಂತೆ ಮೈಕ್ ಇಡುವುದು ಹೇಗೆ? ಕಾಯುತ್ತೀರಿ ತಾನೇ?