ತಾಳಿಗೂ ಕಾನೂನಿಗೂ ನಡುವೆ ಸಾವಿತ್ರಿ

ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಹಳೆಯ ಪ್ರೇಕ್ಷಕರಿಗೆ ನಟಿ ಸಾವಿತ್ರಿ ಎಂದರೆ 1957ರ ತೆಲುಗು ‘ಮಾಯಾಬಜಾರ್’ನ ಶಶಿರೇಖೆ. ಅಲ್ಲಿ ಅಭಿಮನ್ಯು ಅಕ್ಕಿನೇನಿ ನಾಗೇಶ್ವರರಾವ್. ತಮಿಳು ರೂಪದಲ್ಲಿ ಜೆಮಿನಿ ಗಣೇಶನ್. ಹಾಗಾಗಿ ತೆಲುಗು ಚಿತ್ರ ನೋಡಿ ಬೆಳೆದ ಈ ಗಡಿಭಾಗದವರು ಸಾವಿತ್ರಿ–ಗಣೇಶನ್ ಜೋಡಿಯನ್ನು ತೆರೆಯ ಮೇಲೆ ಕಂಡದ್ದು ಕಡಿಮೆ. ಸಾವಿತ್ರಿಯ ಬದುಕನ್ನು ಕುರಿತ 2018ರ ಚಿತ್ರ ‘ಮಹಾನಟಿ’ ಅವರಿಬ್ಬರ ಪ್ರೇಮವನ್ನು ಮತ್ತೆ ಮನೆಮಾತಾಗಿಸಿತು. ಆದರೆ ಆ ಮಾತಿನಲ್ಲಿ ಕಾನೂನಿನ ಸಂಗತಿ ತಪ್ಪಿಹೋಗುತ್ತದೆ.

ಇಬ್ಬರೂ 1952ರಲ್ಲಿ ಮೈಸೂರಿನ ಚಾಮುಂಡೇಶ್ವರಿ ದೇವಸ್ಥಾನದಲ್ಲಿ ಗುಟ್ಟಾಗಿ ಮದುವೆಯಾದರೆಂದು ಅವರ ಜೀವನಕಥನಗಳು ಹೇಳುತ್ತವೆ. ಗಣೇಶನ್‌ಗೆ ಆಗಲೇ ಹೆಂಡತಿ, ಮಕ್ಕಳಿದ್ದರು.

ಹೆಂಡತಿ ಬದುಕಿರುವಾಗ ಇನ್ನೊಂದು ಮದುವೆಯಾಗುವುದನ್ನು, ಅಂದರೆ ದ್ವಿಪತ್ನಿತ್ವವನ್ನು, ಮದ್ರಾಸ್ ಪ್ರಾಂತ್ಯ ಹಿಂದೂಗಳಿಗೆ 1949ರಲ್ಲೇ ನಿಷೇಧಿಸಿತ್ತು. 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವ ತನಕ ಬಳ್ಳಾರಿಯೂ ಮದ್ರಾಸಿನ ಭಾಗವೇ. ದೇಶದ ಬಹುಭಾಗಕ್ಕೆ ಈ ನಿಯಮ ತಂದದ್ದು 1955ರ ಹಿಂದೂ ವಿವಾಹ ಕಾಯ್ದೆ. ಅದರ ಪ್ರಕಾರ ಇಂಥ ಮದುವೆ ಅನೂರ್ಜಿತ: ತಾಳಿ ಕಟ್ಟಿದ್ದರೂ ಕಾನೂನಿನ ಲೆಕ್ಕದಲ್ಲಿ ಮದುವೆ ಆಗಿಲ್ಲ.

ಹೀಗಿದ್ದೂ ಇಂಥ ಸಂಸಾರಗಳು ವರ್ಷಗಟ್ಟಲೆ ನಡೆಯುತ್ತವೆ. ಕಾರಣ, ಪೊಲೀಸರು ತಾವಾಗಿ ಮೊಕದ್ದಮೆ ಹೂಡುವಂತಿಲ್ಲ. ನೊಂದ ಹೆಂಡತಿ ಅಥವಾ ಅವರ ಪರವಾಗಿ ಹತ್ತಿರದ ಬಂಧುಗಳು ದೂರು ಕೊಡಬೇಕು. ಅವರು ಮರ್ಯಾದೆಗಂಜಿ ಸುಮ್ಮನಿದ್ದರೆ ಕಾನೂನೂ ಸುಮ್ಮನಿರುತ್ತದೆ. ಅಷ್ಟರಲ್ಲಿ ಊರು ಎರಡನೆಯವರನ್ನೂ ಹೆಂಡತಿಯೆಂದೇ ಕರೆಯುತ್ತದೆ. ಸಂಬಂಧ ಮುರಿದ ದಿನ ಅವರಿಗೆ ವಾರಸಿನ ಹಕ್ಕಿಲ್ಲವೆಂಬುದು ತಿಳಿಯುತ್ತದೆ. ಮಕ್ಕಳ ಸ್ಥಿತಿ ಬೇರೆ. ಈ ಕಾಯ್ದೆಯ 1976ರ ತಿದ್ದುಪಡಿಯ ನಂತರ ಅವರು ಕಾನೂನುಬದ್ಧ ಮಕ್ಕಳೇ, ತಂದೆತಾಯಿಯ ಆಸ್ತಿಯಲ್ಲಿ ಅವರಿಗೆ ಪಾಲುಂಟು.

ಸಾವಿತ್ರಿ ಗಂಡನ ದುಡಿಮೆ ನೆಚ್ಚಿ ಬದುಕಿದವರಲ್ಲ. ದೊಡ್ಡ ತಾರೆ, 1968ರಲ್ಲಿ ‘ಚಿನ್ನಾರಿ ಪಾಪಲು’ ನಿರ್ದೇಶಿಸಿದವರು. ದಾಂಪತ್ಯದ ಬಿರುಕು, ಚಿತ್ರನಿರ್ಮಾಣದ ನಷ್ಟ, ತೆರಿಗೆಯ ತೊಂದರೆ, ಕುಡಿತ ಒಟ್ಟೊಟ್ಟಿಗೆ ಬಂದವು. 1980ರಲ್ಲಿ ಬೆಂಗಳೂರಿನಲ್ಲಿದ್ದಾಗ ಪ್ರಜ್ಞೆ ತಪ್ಪಿದವರು ಮತ್ತೆ ಚೇತರಿಸಿಕೊಳ್ಳಲಿಲ್ಲ. 1981ರ ಡಿಸೆಂಬರ್ 26ರಂದು ತೀರಿಕೊಂಡರು.

ಕುಡಿತದಿಂದ ಹಾಳಾದರು ಎಂದು ಈ ಕತೆ ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ಗುಟ್ಟಿನ ಮದುವೆಯಲ್ಲಿ ಮೊದಲ ಹೆಂಡತಿಗೆ ಅನ್ಯಾಯ, ಎರಡನೆಯವರಿಗೆ ಅತಂತ್ರ. ಗಂಡನಿಗೆ ಮಾತ್ರ ಎರಡೂ ಮನೆಯ ಬಾಗಿಲು ತೆರೆದಿರುತ್ತದೆ. 1976ರ ತಿದ್ದುಪಡಿ ಮಕ್ಕಳ ಕೈ ಹಿಡಿಯಿತು. ಮೊದಲ ಹೆಂಡತಿಯ ಹಕ್ಕಿಗೆ ಕುಂದು ಬಾರದಂತೆ ಆ ಮಕ್ಕಳ ತಾಯಂದಿರಿಗೂ ಜೀವನಾಂಶದ ಸ್ಪಷ್ಟ ಹಕ್ಕು ಸಿಗಬೇಕು.