ಗಿರಾಕಿಯೇ ಗುರು

ದಾವಣಗೆರೆಯ ಸರಸ್ವತಿ ನಗರಕ್ಕೆ ವಿದ್ಯಾದೇವತೆಯ ಹೆಸರಿದೆ. ಅದೇ ಊರಿನ ಮಂಡಿಪೇಟೆಯಲ್ಲಿ ನಡೆಯುವುದೆಲ್ಲ ಲಕ್ಷ್ಮಿಯ ವ್ಯವಹಾರ. ಇವೆರಡರ ನಡುವಿನ ದೂರ ಆಟೋರಿಕ್ಷಾದವನ ಲೆಕ್ಕದಲ್ಲಿ ಅಲ್ಪವೇ ಇರಬಹುದು. ವಿದ್ಯಾರ್ಥಿಯ ಲೆಕ್ಕದಲ್ಲಿ ಮಾತ್ರ ಬಹಳ. ನಾಲ್ಕು ವರ್ಷ ಗಣಕಶಾಸ್ತ್ರವನ್ನು ಓದಿದ ತರುಣ ಪದವಿಪತ್ರ ಹಿಡಿದು ಹೊರಬರುವ ತನಕ ಒಬ್ಬ ಗಿರಾಕಿಯ ಮುಖವನ್ನೂ ಕಾಣದಿರುವುದು ಅಪರೂಪವೇನಲ್ಲ.

ಈ ಊರಿಗೆ ಇಂಜಿನಿಯರಿಂಗ್ ವಿದ್ಯೆ ಹೊಸದಲ್ಲ. ಬಿ.ಡಿ.ಟಿ. ಕಾಲೇಜು ಆರಂಭವಾದದ್ದು 1951ರಲ್ಲಿ. ಬಾಪೂಜಿ ಕಾಲೇಜು 1979ರಲ್ಲಿ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಜಾಲತಾಣ ರಚನೆಯ ಪಾಠವೂ ಇದೆ, ಕಡೆಯ ವರ್ಷದಲ್ಲಿ ತಂಡವಾಗಿ ಮಾಡಬೇಕಾದ ಪ್ರಾಜೆಕ್ಟೂ ಇದೆ. ಆದರೆ ಅನೇಕ ಕಡೆ ಆ ಪ್ರಾಜೆಕ್ಟು ಪಿತ್ರಾರ್ಜಿತ ಆಸ್ತಿಯಂತೆ ಹಿರಿಯರಿಂದ ಕಿರಿಯರಿಗೆ ಇಳಿದು ಬರುತ್ತದೆ. ಒಂದು ವರ್ಷ ಗ್ರಂಥಾಲಯದ ಲೆಕ್ಕಪತ್ರ, ಮರುವರ್ಷ ಹಾಸ್ಟೆಲಿನ ಲೆಕ್ಕಪತ್ರ. ಗ್ರಂಥಪಾಲಕರನ್ನು ಯಾರೂ ಕೇಳಿರುವುದಿಲ್ಲ, ಹಾಸ್ಟೆಲಿನ ಮೇಲ್ವಿಚಾರಕರಿಗೆ ಸುದ್ದಿಯೇ ಇರುವುದಿಲ್ಲ. ಪರೀಕ್ಷಕರು ಅಂಕ ಕೊಟ್ಟ ಮೇಲೆ, ಹೊಂಬಣ್ಣದ ಅಕ್ಷರಗಳ ರಟ್ಟು ಕಟ್ಟಿಸಿದ ವರದಿ ಬೀರುವಿನಲ್ಲಿ ಚಿರನಿದ್ರೆಗೆ ಸಲ್ಲುತ್ತದೆ.

ಇದರ ಬದಲು, ಅದೇ ನಾಲ್ವರು ವಿದ್ಯಾರ್ಥಿಗಳು ಊರಿನ ಒಂದು ಮಂಡಕ್ಕಿ ಭಟ್ಟಿಯ ಮಾಲೀಕರ ಮುಂದೆ ಹೋಗಿ ಕುಳಿತರೆಂದು ಕಲ್ಪಿಸಿಕೊಳ್ಳೋಣ. ಮಾಲೀಕರು ಹೇಳುವುದು ಒಂದೇ ಮಾತು: “ಒಂದು ವೆಬ್‌ಸೈಟ್ ಮಾಡಿಕೊಡ್ರಪ್ಪ, ಚೆನ್ನಾಗಿರಲಿ.” ಈ “ಚೆನ್ನಾಗಿ” ಎಂಬುದರ ಅರ್ಥ ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ. ಹುಡುಗರು ಹದಿನೈದು ದಿನ ನಿದ್ದೆಗೆಟ್ಟು, ಚಿತ್ರಗಳು ಸರಿದಾಡುವ ಅಂದವಾದ ಪುಟವೊಂದನ್ನು ತಯಾರಿಸಿ ತರುತ್ತಾರೆ. ಮಾಲೀಕರು ಅದನ್ನು ನೋಡಿ, “ಫೋನ್ ನಂಬರ್ ಎಲ್ಲಿ?” ಎಂದು ಕೇಳುತ್ತಾರೆ. ಭತ್ತದ ಬೆಲೆ ಏರಿದರೆ ಮಂಡಕ್ಕಿಯ ಬೆಲೆಯೂ ಏರುತ್ತದೆ. ಆಗ ಪುಟದಲ್ಲಿನ ದರವನ್ನು ತಿದ್ದುವವರು ಯಾರು? ಕೊಳ್ಳುವ ಅಂಗಡಿಯವರು ಪುಟವನ್ನು ನೋಡುವುದು ಅಂಗೈಯಗಲದ ಮೊಬೈಲಿನಲ್ಲಿ. ಅಲ್ಲಿ ಆ ಚಿತ್ರಗಳೆಲ್ಲ ಹಿಡಿಸುತ್ತವೆಯೇ? ಪಾಠ ನಿಜವಾಗಿ ಆರಂಭವಾಗುವುದು ಇಲ್ಲಿಂದ.

ಕನ್ನಡದ ಪ್ರಶ್ನೆಯಂತೂ ಬೇರೆಯೇ. ಅಂಗಡಿಯ ಹಳೆಯ ಕರಪತ್ರದ ಬರಹವನ್ನು ಬೆರಳಚ್ಚು ಮಾಡಿದವರು ಹಿಂದಿನ ಕಾಲದ ನುಡಿ ಅಕ್ಷರವಿನ್ಯಾಸವನ್ನು ಬಳಸಿರುತ್ತಾರೆ. ಆ ಪದ್ಧತಿಯಲ್ಲಿ ಗಣಕದ ಒಡಲಲ್ಲಿ ಉಳಿಯುವುದು ರೋಮನ್ ಸಂಕೇತಗಳು. ಕನ್ನಡದ್ದು ಮೇಲಿನ ವೇಷ ಮಾತ್ರ. ಅದನ್ನು ಹಾಗೆಯೇ ಜಾಲತಾಣಕ್ಕೆ ತಂದು ಅಂಟಿಸಿದರೆ ವೇಷ ಕಳಚಿಬಿದ್ದು, ಯಾವ ಭಾಷೆಯೂ ಅಲ್ಲದ ಗೀಚು ಕಾಣುತ್ತದೆ. ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಖ್ಯೆಯನ್ನು ಕೊಟ್ಟಿರುವ ಯೂನಿಕೋಡ್ ಕ್ರಮಕ್ಕೆ ಅದನ್ನು ಪರಿವರ್ತಿಸಬೇಕು, ಆಮೇಲೆ ಒತ್ತಕ್ಷರಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ತರಗತಿಯಲ್ಲಿ ಒಂದು ಸಾಲಿನ ಟಿಪ್ಪಣಿಯಾಗಿದ್ದ ವಿಷಯ ಇಲ್ಲಿ ಮಾಲೀಕರ ಹೆಸರೇ ತಪ್ಪಾಗಿ ಕಾಣಿಸಿದಾಗ ಜನ್ಮವಿಡೀ ಮರೆಯದ ಪಾಠವಾಗುತ್ತದೆ.

ಇನ್ನು ತಂಡದ ಒಳಗಿನ ಸಂಸಾರ. ನಾಲ್ವರಲ್ಲಿ ಒಬ್ಬ ದುಡಿಯುವುದು, ಇಬ್ಬರು ಹೌದೆನ್ನುವುದು, ಹುಡುಗಿಗೆ ವರದಿ ಬರೆಯುವ ಕೆಲಸವನ್ನು ವಹಿಸುವುದು ಹಳೆಯ ವಾಡಿಕೆ. 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ರೂಪಿಸಿದ ಗಿಟ್ ಎಂಬ ಸಾಧನದಲ್ಲಿ ಯಾವ ಬದಲಾವಣೆಯನ್ನು ಯಾರು, ಯಾವ ದಿನ ಮಾಡಿದರೆಂಬುದು ದಾಖಲಾಗುತ್ತದೆ. ಅದನ್ನು ತೆರೆದು ನೋಡುವ ಅಧ್ಯಾಪಕರಿಗೆ ದುಡಿದವರಾರು, ಹೌದೆಂದವರಾರು ಎಂಬುದು ತಿಳಿಯದೆ ಇರದು. 2017ರಲ್ಲಿ ಆರಂಭವಾದ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ ಸ್ಪರ್ಧೆಯಲ್ಲಿ ಸರ್ಕಾರದ ಇಲಾಖೆಗಳೇ ಗಿರಾಕಿಗಳು. ಆರು ಜನರ ತಂಡದಲ್ಲಿ ಒಬ್ಬ ವಿದ್ಯಾರ್ಥಿನಿಯಾದರೂ ಇರಲೇಬೇಕೆಂಬುದು ಅದರ ನಿಯಮ. ತಂತ್ರಾಂಶ ವಿಭಾಗದ ಅಂತಿಮ ಸುತ್ತು ಎಡೆಬಿಡದೆ 36 ಗಂಟೆ ನಡೆಯುತ್ತದೆ. ಆದರೆ ಮಂಡಕ್ಕಿ ಭಟ್ಟಿ 37ನೆಯ ಗಂಟೆಯಲ್ಲಿಯೂ ತೆರೆದಿರುತ್ತದೆಂಬುದನ್ನು ಮರೆಯಬಾರದು.

ಈ ವಿದ್ಯೆಯ ಅತ್ಯಂತ ಕಷ್ಟದ ಭಾಗ ಇರುವುದು ಅಲ್ಲಿಯೇ. ಫಲಿತಾಂಶ ಬಂದೊಡನೆ ಹುಡುಗರು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಜಾಲತಾಣದ ವಿಳಾಸಕ್ಕೆ ಕಾಲಕಾಲಕ್ಕೆ ಬಾಡಿಗೆ ಕಟ್ಟಬೇಕು. ಕಟ್ಟದಿದ್ದರೆ ಅದು ಕೈತಪ್ಪುತ್ತದೆ. ಗುಪ್ತಪದ ಹೋದದ್ದು ಯಾರೊಡನೆಯೋ. ಮಾಲೀಕರು ಹಣವನ್ನಷ್ಟೇ ಅಲ್ಲ, “ಓದಿದ ಹುಡುಗರು” ಎಂಬ ನಂಬಿಕೆಯನ್ನೂ ಕಳೆದುಕೊಳ್ಳುತ್ತಾರೆ. ಮರುವರ್ಷ ಬಂದ ತಂಡಕ್ಕೆ ಅವರ ಅಂಗಡಿಯ ಬಾಗಿಲು ತೆರೆಯುವುದಿಲ್ಲ.

ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯ 1995ರಲ್ಲಿ ಆರಂಭಿಸಿದ ಎಪಿಕ್ಸ್ ಎಂಬ ಯೋಜನೆ ಇದಕ್ಕೊಂದು ಉಪಾಯ ಕಂಡುಕೊಂಡಿತು. ಅಲ್ಲಿ ವಿದ್ಯಾರ್ಥಿಗಳು ಸಮಾಜಸೇವಾ ಸಂಸ್ಥೆಗಳಿಗೆ ಬೇಕಾದುದನ್ನು ನಿರ್ಮಿಸಿಕೊಡುತ್ತಾರೆ. ಮೊದಲ ವರ್ಷದವರೂ ಕಡೆಯ ವರ್ಷದವರೂ ಒಂದೇ ತಂಡದಲ್ಲಿರುತ್ತಾರೆ. ಹಿರಿಯರು ಹೊರಟಾಗ ಕೆಲಸದ ಮರ್ಮ ಕಿರಿಯರಲ್ಲಿ ಉಳಿಯುತ್ತದೆ. ಕೂಡುಕುಟುಂಬವನ್ನು ಬಲ್ಲ ಈ ನಾಡಿಗೆ ಆ ಏರ್ಪಾಡು ಅಪರಿಚಿತವೆನಿಸಬೇಕಾಗಿಲ್ಲ. ವಿಳಾಸವನ್ನು ಮಾಲೀಕರ ಹೆಸರಿನಲ್ಲಿಯೇ ಕೊಳ್ಳುವುದು, ನಿರ್ವಹಣೆಯ ಕ್ರಮವನ್ನು ತಿಳಿಗನ್ನಡದಲ್ಲಿ ನಾಲ್ಕು ಪುಟ ಬರೆದಿಡುವುದು, ಅವರ ಕೈಯಿಂದಲೇ ಒಮ್ಮೆ ದರ ತಿದ್ದಿಸಿ ನೋಡುವುದು: ಇವನ್ನು ಮಾಡಿದ ಮೇಲೆಯೇ ಅಂಕ ಕೊಡುವುದೆಂದು ಕಾಲೇಜು ಕಟ್ಟಳೆ ಮಾಡಿದರೆ ಸಾಕು.

ಗಿರಾಕಿಗೂ ಧರ್ಮವುಂಟು. ವಿದ್ಯಾರ್ಥಿಗಳೆಂದರೆ ಬಿಟ್ಟಿ ಆಳುಗಳಲ್ಲ. ಖರ್ಚನ್ನಾದರೂ ಕೊಡುವುದು ನ್ಯಾಯ. ಮತ್ತೆ, ಪುಟದ ಮೂಲಕ ಜನರ ಹೆಸರು, ಫೋನ್ ಸಂಖ್ಯೆಗಳನ್ನು ಸಂಗ್ರಹಿಸುವುದಾದರೆ 2023ರಲ್ಲಿ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯನ್ನು ಇಬ್ಬರೂ ನೆನಪಿನಲ್ಲಿಡಬೇಕು. ಅನ್ಯರ ಫೋನ್ ಸಂಖ್ಯೆಯೂ ಅನ್ಯರ ಸ್ವತ್ತೇ.

ನೆರೆಯ ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಆ ಕಾರ್ಖಾನೆ ಈಗ ನಡೆಯುತ್ತಿಲ್ಲ. ಆದರೆ ಅಂಥ ಯಂತ್ರದ ಮುಂದೆ ಕೆಲಸ ಕಲಿತವರಿಗೆ ಗೊತ್ತಿದ್ದ ಸತ್ಯ ಹಳತಾಗಿಲ್ಲ. ಕೂದಲೆಳೆಯಷ್ಟು ಅಳತೆ ತಪ್ಪಿದರೂ ಕಬ್ಬಿಣ ಕ್ಷಮಿಸದು. ಗಿರಾಕಿಯೂ ಹಾಗೆಯೇ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ಹಿರಿಯರು ಲೆಕ್ಕ ಹಾಕಿಟ್ಟಿದ್ದಾರೆ. ಆ ಮುಕ್ಕಾಲು ಸಿಗುವುದು ಮಂಡಿಪೇಟೆಯ ಬಿಸಿಲಿನಲ್ಲಿ. ಮಗನೋ ಮಗಳೋ ಮನೆಗೆ ಬಂದಾಗ “ಎಷ್ಟು ಅಂಕ ಬಂತು?” ಎಂದು ಕೇಳುವ ತಂದೆತಾಯಿಗಳು ಇನ್ನೊಂದು ಪ್ರಶ್ನೆಯನ್ನೂ ಕೇಳಬಹುದು: “ನೀನು ಮಾಡಿಕೊಟ್ಟದ್ದು ಅವರ ಉಪಯೋಗಕ್ಕೆ ಬರುತ್ತಿದೆಯೇ?”